ಗೆಳೆತನಕ್ಕೊಂದು ಕೆಲಸ: ಧಾರವಾಡ ಮತ್ತು ಹಲಸಂಗಿಯ ಗೆಳೆಯರ ಗುಂಪುಗಳು

ಧಾರವಾಡದ ‘ಗೆಳೆಯರ ಗುಂಪ’ನ್ನೂ ವಿಜಯಪುರ ಜಿಲ್ಲೆಯ ಹಲಸಂಗಿಯ ಗೆಳೆಯರನ್ನೂ ಕನ್ನಡ ಸಾಹಿತ್ಯ ಚರಿತ್ರೆಗಳು ನವೋದಯದ ಅಧ್ಯಾಯದಲ್ಲಿ, ಅಂದರೆ ಇಪ್ಪತ್ತನೆಯ ಶತಮಾನದ ಮೊದಲ ಅರ್ಧದಲ್ಲಿ ಹೊಸ ಕಾವ್ಯವನ್ನು ತಂದ ಚಳವಳಿಯ ಭಾಗವಾಗಿ ಇಟ್ಟು ನೋಡುತ್ತ ಬಂದಿವೆ. ಯಾರಿಂದ ಯಾವ ಸಂಕಲನ ಬಂತು, ಯಾರು ಯಾರನ್ನು ಪ್ರಭಾವಿಸಿದರು ಎಂಬ ಲೆಕ್ಕದಲ್ಲಿ ಗುಂಪು ಎಂಬ ಸಂಗತಿಯೇ ಹಿನ್ನೆಲೆಗೆ ಸರಿದುಬಿಡುತ್ತದೆ. ಬೇರೆ ಬೇರೆ ಊರುಗಳಿಂದ ಬಂದ, ರಕ್ತಸಂಬಂಧವಿಲ್ಲದ, ಹಲವೊಮ್ಮೆ ಜಾತಿಸಂಬಂಧವೂ ಇಲ್ಲದ ಗಂಡಸರು ವರ್ಷಗಟ್ಟಲೆ ಒಟ್ಟಿಗೆ ಕೂಡುವುದು ಹೇಗೆ ಸಾಧ್ಯವಾಯಿತು, ಆ ಕೂಟ ಯಾವುದರ ಆಧಾರದ ಮೇಲೆ ನಿಂತಿತ್ತು, ಯಾವುದು ಕಳಚಿದಾಗ ಸಡಿಲವಾಯಿತು ಎಂಬ ಪ್ರಶ್ನೆಗಳನ್ನು ಮುಂದಿಟ್ಟುಕೊಂಡು ಅದೇ ಚರಿತ್ರೆಯನ್ನು ಮತ್ತೊಮ್ಮೆ ಓದಿದರೆ, ಗಂಡಸರ ಒಂಟಿತನದ ಬಗ್ಗೆ ಇಂದು ನಡೆಯುತ್ತಿರುವ ಮಾತಿಗೆ ನೂರು ವರ್ಷ ಹಿಂದಿನ ಒಂದು ಕನ್ನಡದ ಹಿನ್ನೆಲೆ ಸಿಗುತ್ತದೆ.

ಗಂಡಸರ ಗೆಳೆತನ ಕನ್ನಡ ಕಾವ್ಯಕ್ಕೆ ಹೊಸ ವಸ್ತುವೇನೂ ಆಗಿರಲಿಲ್ಲ. 941ರ ಸುಮಾರಿನ ಪಂಪನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಕರ್ಣ ತನ್ನ ಹುಟ್ಟಿನ ಗುಟ್ಟು ತಿಳಿದ ಮೇಲೂ ದುರ್ಯೋಧನನನ್ನು ಬಿಡದಿರುವುದು ಆ ಕಾವ್ಯದ ನೈತಿಕ ತೂಕವನ್ನೇ ಹೊತ್ತ ಪ್ರಸಂಗ. ರನ್ನನ ‘ಗದಾಯುದ್ಧ’ದಲ್ಲಿ ದುರ್ಯೋಧನ ಹೆಣಗಳ ನಡುವೆ ನಡೆದು ಹೋಗುತ್ತ ತಮ್ಮನಿಗಾಗಿ ಅತ್ತಷ್ಟೇ ಗೆಳೆಯನಿಗಾಗಿಯೂ ಅಳುತ್ತಾನೆ. ಗಂಡಸೊಬ್ಬ ಗೆಳೆಯನ ಅಗಲಿಕೆಯಲ್ಲಿ ಬಾಯಿಬಿಟ್ಟು ಶೋಕಿಸುವುದಕ್ಕೆ ಕನ್ನಡ ಕಾವ್ಯ ಅಷ್ಟು ಹಿಂದೆಯೇ ಒಪ್ಪಿಗೆ ಕೊಟ್ಟಿತ್ತೆಂಬುದು ಸಣ್ಣ ಮಾತಲ್ಲ. ಆದರೆ ಈ ಗೆಳೆತನಗಳೆಲ್ಲ ಋಣದ ಚೌಕಟ್ಟಿನಲ್ಲಿ ಕೂಡಿಕೊಂಡವು: ಒಬ್ಬ ಕೊಟ್ಟವನು, ಇನ್ನೊಬ್ಬ ಉಂಡವನು. ಒಡೆಯನೊಂದಿಗೆ ಸಾಯುವ ಪಣ ತೊಟ್ಟ ಗರುಡರ, ಲೆಂಕರ ಶಾಸನಗಳು ಅದೇ ಸಂಬಂಧದ ಕಟ್ಟಕಡೆಯ ರೂಪವನ್ನು ತೋರಿಸುತ್ತವೆ. ಹೊಯ್ಸಳ ಇಮ್ಮಡಿ ಬಲ್ಲಾಳನೊಂದಿಗೆ ಪ್ರಾಣ ಕೊಟ್ಟ ಕುವರ ಲಕ್ಷ್ಮನನ್ನು ಕುರಿತ ಹಳೇಬೀಡಿನ ಶಾಸನ ಇದಕ್ಕೆ ಪ್ರಸಿದ್ಧ ನಿದರ್ಶನ. ಸಮಾನರ ನಡುವಿನ, ಯಾರೂ ಯಾರ ಅನ್ನಕ್ಕೂ ಹಂಗಿಲ್ಲದ ಸ್ನೇಹ ಈ ಬಗೆಯ ದಾಖಲೆಗಳಲ್ಲಿ ಅಪರೂಪ.

ಹಳ್ಳಿಯ ಮಟ್ಟದಲ್ಲಿ ಆ ಸಮಾನತೆಗೆ ಸ್ವಲ್ಪಮಟ್ಟಿಗೆ ಎಡೆಯಿದ್ದುದು ಗರಡಿಮನೆಗಳಲ್ಲಿ. ಉತ್ತರ ಕರ್ನಾಟಕದಲ್ಲಿ ಇವನ್ನು ತಾಲೀಮು ಎಂದೂ ಕರೆಯುತ್ತಾರೆ. ತಗ್ಗು ಬಾಗಿಲು, ಮಬ್ಬು ಬೆಳಕು, ಎಣ್ಣೆ ಮಜ್ಜಿಗೆ ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣಿನ ಅಖಾಡ, ಗೂಡಿನಲ್ಲಿ ಹನುಮಂತ, ಎಲ್ಲಕ್ಕೂ ಮೇಲೆ ಉಸ್ತಾದನ ಮಾತು: ಇಷ್ಟರೊಳಗೆ ಓಣಿಯ ಹುಡುಗರು ಬೆಳಗು ಸಂಜೆ ಕೂಡಿ ಸಾಮು ಮಾಡಿ, ಮಣ್ಣು ತೋಡಿ, ಪರಸ್ಪರರ ಮೈಗೆ ಎಣ್ಣೆ ತಿಕ್ಕಿ ಬೆಳೆಯುತ್ತಿದ್ದರು. ಗಂಡಸರು ಪರಸ್ಪರರ ಮೈಯನ್ನು ಸಂಕೋಚವಿಲ್ಲದೆ ಮುಟ್ಟಬಹುದಾಗಿದ್ದ ಜಾಗಗಳಲ್ಲಿ ಇದು ಮುಖ್ಯವಾದದ್ದು, ಮತ್ತು ಆ ಸ್ಪರ್ಶಕ್ಕೆ ಪೈಪೋಟಿಯ ನೆಪ ಬೇಕಿತ್ತು ಎಂಬುದನ್ನೂ ಗಮನಿಸಬೇಕು. ಅಕ್ಕರೆಯನ್ನು ನೇರವಾಗಿ ಆಡಿ ತೋರಿಸುವ ರೂಢಿ ಇಲ್ಲದ ಕಡೆ ಪಟ್ಟುಗಳೇ ಅದರ ಭಾಷೆಯಾದವು. ಶ್ರಾವಣದ ಭಜನಾ ಮೇಳ, ಮೊಹರಮ್ಮಿನ ಹೆಜ್ಜೆ ಮೇಳ, ಲಾವಣಿಯ ಹರದೇಶಿ-ನಾಗೇಶಿ ಮೇಳಗಳೂ ಇದೇ ಬಗೆಯವು. ಇವುಗಳಲ್ಲಿ ಹರದೇಶಿ-ನಾಗೇಶಿ ಎಂಬುದು ಹಾಡಿನಲ್ಲಿಯೇ ನಡೆಯುವ ವಾದ. ಒಂದು ಪಕ್ಷ ಗಂಡು ಹೆಚ್ಚೆಂದೂ ಇನ್ನೊಂದು ಹೆಣ್ಣು ಹೆಚ್ಚೆಂದೂ ಸಾಧಿಸುತ್ತ ರಾತ್ರಿಯಿಡೀ ಹಾಡುತ್ತವೆ. ಊರ ಅರಳಿಕಟ್ಟೆಯನ್ನು ಈ ಸಾಲಿಗೆ ಸೇರಿಸುವುದು ವಾಡಿಕೆಯಾದರೂ ಅದಕ್ಕೆ ಇಷ್ಟು ಗೌರವ ಸಲ್ಲುವುದು ಕಷ್ಟ, ಏಕೆಂದರೆ ಕಟ್ಟೆಯ ಮೇಲೆ ಯಾರು ಕೂಡಬಹುದು, ಯಾರು ಕೆಳಗೆ ನಿಲ್ಲಬೇಕು ಎಂಬುದನ್ನು ಜಾತಿ ಮೊದಲೇ ನಿರ್ಧರಿಸಿಬಿಟ್ಟಿರುತ್ತಿತ್ತು.

ಈ ವ್ಯವಸ್ಥೆಯಿಂದ ಹುಡುಗರನ್ನು ಎತ್ತಿ ಹೊರಗೆ ಹಾಕಿದ್ದು ಇಂಗ್ಲಿಷ್ ಶಾಲೆ. ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಯಪುರ, ಕಾರವಾರ ಜಿಲ್ಲೆಗಳಲ್ಲಿ ಹಳ್ಳಿಯ ಹುಡುಗ ಕನ್ನಡ ಶಾಲೆಯ ಕೊನೆಯ ಪರೀಕ್ಷೆಯಾದ ಮುಲ್ಕಿಯನ್ನು ದಾಟಿ ಮುಂದೆ ಓದಬೇಕಾದರೆ ಊರು ಬಿಡಬೇಕಿತ್ತು. ಧಾರವಾಡದಲ್ಲಿ 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತ್ತು. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾಯಿತು. ಓದಲು ಬಂದವರಲ್ಲಿ ಬಡವರಾದ ಬ್ರಾಹ್ಮಣ ಹುಡುಗರು ವಾರಾನ್ನ ಮಾಡುತ್ತಿದ್ದರು, ಅಂದರೆ ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ ಎಂದು ವಾರದ ಏಳು ದಿನಗಳನ್ನು ಏಳು ಪಂಕ್ತಿಗಳಿಗೆ ಹಂಚಿಕೊಂಡು ಉಣ್ಣುತ್ತಿದ್ದರು. ಲಿಂಗಾಯತ ಹುಡುಗರಿಗೆ ಮಠಗಳ ಪ್ರಸಾದನಿಲಯಗಳು ಆಸರೆಯಾದವು. ಕೈಯಲ್ಲಿ ನಾಲ್ಕು ಕಾಸು ಇದ್ದವರು ಖಾನಾವಳಿಗೆ, ತಿಂಗಳ ಲೆಕ್ಕದಲ್ಲಿ ರೊಟ್ಟಿ-ಪಲ್ಯ ಹಾಕುವ ಮನೆಗೆ, ಹೋಗುತ್ತಿದ್ದರು. ಹಂಗಿನ ಅನ್ನ ಉಂಡು, ಬಾಡಿಗೆ ಕೋಣೆಗೆ ಮರಳಿ, ಪುಸ್ತಕವೊಂದನ್ನೇ ಒಡನಾಡಿ ಮಾಡಿಕೊಂಡ ಈ ಹುಡುಗರ ಏಕಾಕಿತನ ಆ ತಲೆಮಾರಿನ ಆತ್ಮಕಥನಗಳಲ್ಲಿ ಬಡತನದ ವರ್ಣನೆಯಾಗಿ ಕಾಣಿಸಿಕೊಳ್ಳುತ್ತದೆ. ತಾವು ಒಂಟಿಯಾಗಿದ್ದೆವು ಎಂದು ಬರೆಯುವುದು ಗಂಡಸಿಗೆ ತಕ್ಕುದೆಂದು ಅವರಿಗೆ ತೋರಲಿಲ್ಲವೆಂದೇ ಊಹಿಸಬೇಕಾಗುತ್ತದೆ.

ದತ್ತಾತ್ರೇಯ ರಾಮಚಂದ್ರ ಬೇಂದ್ರೆ 1896ರಲ್ಲಿ ಧಾರವಾಡದಲ್ಲಿಯೇ ಹುಟ್ಟಿದವರಾದರೂ ಕಾಲೇಜಿಗಾಗಿ ಪುಣೆಯ ಫರ್ಗುಸನ್ ಕಾಲೇಜಿಗೆ ಹೋಗಬೇಕಾಯಿತು. ಮರಾಠಿಯ ನಡುವೆ ಇದ್ದ ಕನ್ನಡ ವಿದ್ಯಾರ್ಥಿಗಳನ್ನು ಕೂಡಿಸಿ ಅವರು ಅಲ್ಲಿ 1915ರಲ್ಲಿ ಶಾರದಾ ಮಂಡಲವನ್ನು ಕಟ್ಟಿದರು. 1918ರಲ್ಲಿ ಪದವಿ ಪಡೆದು ಧಾರವಾಡಕ್ಕೆ ಮರಳಿ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಶಿಕ್ಷಕರಾದ ಮೇಲೆ 1922ರಲ್ಲಿ ಗೆಳೆಯರ ಗುಂಪು ರೂಪುಗೊಂಡಿತು. ಶಂ. ಬಾ. ಜೋಶಿ, ‘ಆನಂದಕಂದ’ ಬೆಟಗೇರಿ ಕೃಷ್ಣಶರ್ಮ, ವಿನಾಯಕ ಕೃಷ್ಣ ಗೋಕಾಕ, ರಂ. ಶ್ರೀ. ಮುಗಳಿ, ‘ಎನ್ಕೆ’ ಕುಲಕರ್ಣಿ, ಜಿ. ಬಿ. ಜೋಶಿ ಮೊದಲಾದವರು ಬೇರೆ ಬೇರೆ ವರ್ಷಗಳಲ್ಲಿ ಅದರೊಳಗೆ ಬಂದರು. ಬೇಂದ್ರೆಯವರಿಗೂ 1909ರಲ್ಲಿ ಹುಟ್ಟಿದ ಗೋಕಾಕರಿಗೂ ಹದಿಮೂರು ವರ್ಷಗಳ ಅಂತರ, ಶಂ. ಬಾ. ಜೋಶಿ ಬೇಂದ್ರೆಯವರ ಓರಗೆಯವರು. ಹೀಗಾಗಿ ಗುಂಪಿನೊಳಗೆ ಅಣ್ಣ-ತಮ್ಮಂದಿರ, ಗುರು-ಶಿಷ್ಯರ ಛಾಯೆ ಇದ್ದೇ ಇತ್ತು. ಆದರೂ ಗುರುಕುಲ, ಸಂಘ, ಸಭೆ ಎಂಬ ಹೆಸರುಗಳೆಲ್ಲ ಕೈಗೆ ಎಟಕುವಂತಿರುವಾಗ ಅವನ್ನು ಬಿಟ್ಟು ಗುಂಪೆಂಬ ಸಡಿಲ ಹೆಸರನ್ನು ಆರಿಸಿಕೊಂಡದ್ದರಲ್ಲಿ, ವಯಸ್ಸಿನ ಮೆಟ್ಟಿಲನ್ನು ಆದಷ್ಟು ತಗ್ಗಿಸುವ ಉದ್ದೇಶವಿದ್ದಿರಬೇಕು.

ಗುಂಪು ಬರಿಯ ಹರಟೆಯಿಂದ ಬದುಕಲಿಲ್ಲ. ಕವಿತೆ ಓದುವುದು, ತಿದ್ದುವುದು, ಅರವಿಂದರ ಬರಹಗಳನ್ನು ಚರ್ಚಿಸುವುದು ಒಂದು ಕಡೆಯಾದರೆ, ಪತ್ರಿಕೆ ಹೊರಡಿಸುವುದು, ಹಬ್ಬ ನಡೆಸುವುದು ಇನ್ನೊಂದು ಕಡೆಗಿತ್ತು. ಆಲೂರು ವೆಂಕಟರಾಯರು ಆರಂಭಿಸಿದ್ದ ‘ಜಯಕರ್ನಾಟಕ’ ಮಾಸಪತ್ರಿಕೆಯ ಹೊಣೆ ಕೆಲಕಾಲ ಗುಂಪಿನವರ ಹೆಗಲೇರಿತು. 1926ರಲ್ಲಿ ಬೇಂದ್ರೆಯವರ ಮುಂದಾಳುತನದಲ್ಲಿ ಆರಂಭವಾದ ನಾಡಹಬ್ಬ ನವರಾತ್ರಿಯ ಪೂಜೆಯನ್ನು ನಾಡಿನ ನೆನಪಿಗೆ ತಿರುಗಿಸಿ, ಊರೂರಿನಲ್ಲಿ ಭಾಷಣ-ಹಾಡುಗಳ ಕಾರ್ಯಕ್ರಮವಾಗಿ ಹಬ್ಬಿತು. ಮಾಸಪತ್ರಿಕೆಗೆ ತಿಂಗಳ ಗಡುವು, ಹಬ್ಬಕ್ಕೆ ವರ್ಷದ ಗಡುವು. ಇಂತಹ ಗಡುವುಗಳೇ ಗೆಳೆಯರನ್ನು ಮತ್ತೆ ಮತ್ತೆ ಒಂದು ಕಡೆ ಎಳೆದು ತಂದವೆಂದು ಹೇಳಿದರೆ ಅತಿಶಯವಾಗದು. ಮನಸ್ಸಿನ ಒಲವು ಎಷ್ಟೇ ಇದ್ದರೂ ಅಚ್ಚಿನ ಕರಡು ತಿದ್ದುವ ಕೆಲಸವಿಲ್ಲದಿದ್ದರೆ ದುಡಿಯುವ, ಸಂಸಾರವಂದಿಗರಾದ ಗಂಡಸರು ಅಷ್ಟು ಸಂಜೆಗಳನ್ನು ಪರಸ್ಪರರಿಗಾಗಿ ತೆಗೆದಿಡುತ್ತಿರಲಿಲ್ಲ.

ಹಲಸಂಗಿಯ ಕಥೆ ಇದಕ್ಕಿಂತಲೂ ವಿಶಿಷ್ಟವಾದದ್ದು, ಏಕೆಂದರೆ ಅಲ್ಲಿ ಕಾಲೇಜೂ ಇರಲಿಲ್ಲ, ಪಟ್ಟಣವೂ ಇರಲಿಲ್ಲ. ಭೀಮಾತೀರದ ಸೀಮೆಯಲ್ಲಿ, ಚಡಚಣದ ಹತ್ತಿರವಿರುವ ಈ ಹಳ್ಳಿಗೆ ಖಾಜಾಭಾಯಿಯಂತಹ ಲಾವಣಿಕಾರನ ಪರಂಪರೆ ಇತ್ತು. 1903ರಲ್ಲಿ ಹುಟ್ಟಿದ ಚನ್ನಮಲ್ಲಪ್ಪ ಗಲಗಲಿ, ಅಂದರೆ ಮಧುರಚೆನ್ನ, 1905ರಲ್ಲಿ ಹುಟ್ಟಿದ ಸಿಂಪಿ ಲಿಂಗಣ್ಣ, ಪಿ. ಧೂಲಾಸಾಹೇಬ, ಕಾಪಸೆ ರೇವಪ್ಪ ಇವರ ಕೂಟವನ್ನೇ ಹಲಸಂಗಿ ಗೆಳೆಯರು ಎಂದು ಕರೆಯುವುದು ರೂಢಿ. ಜಾತಿ, ಧರ್ಮಗಳ ಗೆರೆಯನ್ನು ದಾಟಿ ಕೂಡಿದ ಈ ಗೆಳೆಯರು ಸೌಹಾರ್ದದ ಮೇಲೆ ಭಾಷಣ ಮಾಡಲಿಲ್ಲ. ಊರಿನ ಹಾಡುಗಳನ್ನು ಬರೆದುಕೊಂಡರು. ‘ಗರತಿಯ ಹಾಡು’ 1931ರಲ್ಲಿ, ‘ಜೀವನ ಸಂಗೀತ’ 1933ರಲ್ಲಿ, ‘ಮಲ್ಲಿಗೆ ದಂಡೆ’ 1935ರಲ್ಲಿ ಪ್ರಕಟವಾದವು, ಮತ್ತು ಕನ್ನಡ ಜನಪದ ಸಾಹಿತ್ಯದ ಅಧ್ಯಯನಕ್ಕೆ ಈ ಮೂರು ಸಂಕಲನಗಳು ಅಡಿಗಲ್ಲುಗಳಾದವು.

‘ಗರತಿಯ ಹಾಡಿ’ನ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ಅದರಲ್ಲಿರುವುದು ಮುಖ್ಯವಾಗಿ ಹೆಂಗಸರು ನಸುಕಿನಲ್ಲಿ ಬೀಸುವ ಕಲ್ಲಿನ ಮುಂದೆ ಹಾಡುತ್ತಿದ್ದ ತ್ರಿಪದಿಗಳು, ಅಂದರೆ ಮೂರು ಸಾಲಿನ ದೇಸೀ ಪದ್ಯಗಳು. ತವರಿನ ಹಂಬಲ, ಅಣ್ಣ-ತಮ್ಮಂದಿರ ದಾರಿ ಕಾಯುವುದು, ಅತ್ತೆಮನೆಯ ಕಾವು, ಹಡೆದ ಕೂಸಿನ ಸುಖ, ಗಂಡನ ಮುನಿಸು: ಒಂಟಿತನಕ್ಕೆ ಇಷ್ಟು ನೇರವಾದ ಮಾತುಗಳು ಆ ಸೀಮೆಯ ಗಂಡಸರ ಹಾಡುಗಾರಿಕೆಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಲಾವಣಿಗೆ ವಾದ ಬೇಕು, ಭಜನೆಗೆ ದೇವರು ಬೇಕು. ಬೀಸುವ ಹಾಡಿಗೆ ಕೇಳುವವರೂ ಬೇಕಾಗಿರಲಿಲ್ಲ. ಹೆಂಗಸರು ಕೆಲಸದ ನಡುವೆ ತಮಗೆ ತಾವೇ ಹೇಳಿಕೊಂಡ ದುಃಖವನ್ನು ಗಂಡಸರ ಒಂದು ಗುಂಪು ಕೂಡಿ ಕುಳಿತು ಬರೆದುಕೊಂಡು, ಪಾಠಗಳನ್ನು ಹೋಲಿಸಿ, ಅಚ್ಚು ಹಾಕಿಸಿತು. ಆ ಕೆಲಸ ಅವರ ಗೆಳೆತನವನ್ನು ಗಟ್ಟಿಗೊಳಿಸಿತು. ಹಾಡಿದವರ ಹೆಸರುಗಳು ಸಂಗ್ರಾಹಕರ ಹೆಸರುಗಳಷ್ಟು ಪ್ರಸಿದ್ಧವಾಗಲಿಲ್ಲ. ಇದನ್ನು ಕೇವಲ ಅಪಹರಣವೆಂದು ಕರೆಯುವುದು ಅನ್ಯಾಯವಾದೀತು, ಏಕೆಂದರೆ ಅವರು ಬರೆದುಕೊಳ್ಳದಿದ್ದರೆ ಗಿರಣಿಗಳು ಬಂದು ಬೀಸುವ ಕಲ್ಲು ಮೂಲೆಗೆ ಸರಿದ ಮೇಲೆ ಬಹಳಷ್ಟು ತ್ರಿಪದಿಗಳು ಅಳಿದುಹೋಗುತ್ತಿದ್ದವು. ಆದರೂ ಗಂಡಸರು ತಮ್ಮ ಒಳಗಿನ ಮಾತಿಗೆ ಹೆಣ್ಣಿನ ದನಿಯನ್ನು ಎರವಲು ಪಡೆಯುವ ಕನ್ನಡದ ಹಳೆಯ ಅಭ್ಯಾಸ ಇಲ್ಲಿಯೂ ಕೆಲಸ ಮಾಡಿದೆ. ಮಧುರಚೆನ್ನರ ಪ್ರಸಿದ್ಧ ಕವಿತೆ ‘ನನ್ನ ನಲ್ಲ’ ದೈವವನ್ನು ನಲ್ಲನೆಂದು ಕರೆಯುವಾಗ ಶರಣಸತಿಯ ಭಾವವನ್ನೂ ಈ ಹಾಡುಗಳ ಮಟ್ಟನ್ನೂ ಜೊತೆಗೂಡಿಸಿಕೊಳ್ಳುತ್ತದೆ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಅವರ ಗದ್ಯಕೃತಿಗಳು ಮಾತ್ರ ಗಂಡಸಿನ ದನಿಯಲ್ಲಿಯೇ ತನ್ನ ಒಳಗಿನ ಕತ್ತಲೆಯನ್ನು ಹೇಳಿಕೊಂಡ ಅಪರೂಪದ ಪ್ರಯತ್ನಗಳು. ಅಂತಹ ಬರವಣಿಗೆ ಹುಟ್ಟಿದ್ದು ಮುಂಬಯಿ, ಪುಣೆಗಳಲ್ಲಿ ಆಗದೆ ಹಲಸಂಗಿಯಲ್ಲಿ ಆದದ್ದಕ್ಕೆ, ಓದಿ ಕೇಳುವ ಮೂರು-ನಾಲ್ಕು ಮಂದಿ ಅಲ್ಲಿ ಪಕ್ಕದಲ್ಲಿಯೇ ಇದ್ದದ್ದೂ ಒಂದು ಕಾರಣ.

ಧಾರವಾಡಕ್ಕೂ ಹಲಸಂಗಿಗೂ ನಡುವೆ ಒಡನಾಟವಿತ್ತು. ಬೇಂದ್ರೆ ಮತ್ತು ಮಧುರಚೆನ್ನರನ್ನು ಕಾವ್ಯದಷ್ಟೇ ಅರವಿಂದರ ಮೇಲಿನ ಶ್ರದ್ಧೆಯೂ ಹತ್ತಿರ ತಂದಿತು. ಮಧುರಚೆನ್ನ 1953ರಲ್ಲಿ, ಐವತ್ತರ ವಯಸ್ಸಿನಲ್ಲಿ ತೀರಿಕೊಂಡರು. ಸಿಂಪಿ ಲಿಂಗಣ್ಣ ಗೆಳೆಯನಿಲ್ಲದ ನಾಲ್ಕು ದಶಕಗಳನ್ನು ಬದುಕಿ, ಜನಪದ ಸಾಹಿತ್ಯದ ಕೆಲಸವನ್ನು ಬಿಡದೆ ಮಾಡಿ, 1993ರಲ್ಲಿ ನಿಧನರಾದರು.

ಈ ಎರಡೂ ಗುಂಪುಗಳು ಮನೆಯ ಹೆಂಗಸರ ದುಡಿಮೆಯ ಮೇಲೆ ನಿಂತಿದ್ದವೆಂಬುದನ್ನು ಮರೆಮಾಚುವ ಅಗತ್ಯವಿಲ್ಲ. ಗೆಳೆಯರು ಬಂದಾಗ ಚಹಾ, ಊಟ, ಹಾಸಿಗೆ ಎಲ್ಲವೂ ಒಳಗಿನಿಂದ ಬರಬೇಕು. ಸಂಬಳ ಸಾಲದ ಮನೆಯಲ್ಲಿ ಗಂಡನ ಸ್ನೇಹಪ್ರಪಂಚ ದೊಡ್ಡದಾದಷ್ಟೂ ಹೆಂಡತಿಯ ಒಲೆ ಆರದೆ ಉರಿಯಬೇಕು. ಬೇಂದ್ರೆಯವರ ಪತ್ನಿ ಲಕ್ಷ್ಮೀಬಾಯಿ ಹಲವು ಮಕ್ಕಳ ಸಾವನ್ನು ಕಂಡ ಸಂಸಾರವನ್ನು ತೂಗಿಸಿದವರು. 1937ರ ‘ಸಖೀಗೀತ’ದಲ್ಲಿ ಬೇಂದ್ರೆ ಆ ದಾಂಪತ್ಯದ ಸುಖದುಃಖಗಳನ್ನು ಹೇಳುವಾಗ ಹೆಂಡತಿಯನ್ನು ಸಖಿಯೆಂದು ಕರೆದರು. ಗೆಳೆಯರ ನಡುವೆ ಕಲಿತ ಸಖ್ಯದ ಭಾಷೆಯನ್ನು ಮನೆಯೊಳಕ್ಕೂ ತಂದ ಆ ಕವಿತೆ ಗುಂಪಿನ ಇತಿಹಾಸಕ್ಕೆ ಒಂದು ದೊಡ್ಡ ತಿದ್ದುಪಡಿಯಂತಿದೆ, ಅದು ಬರುವ ಹೊತ್ತಿಗೆ ಗುಂಪಿನ ಮೊದಲ ಹುರುಪು ಇಳಿದಿತ್ತಾದರೂ.

ಇಳಿದದ್ದಕ್ಕೆ ಕಾರಣಗಳು ಭಾವನೆಗಿಂತ ಹೆಚ್ಚಾಗಿ ಹೊಟ್ಟೆಪಾಡಿಗೆ ಸಂಬಂಧಿಸಿದವು. ‘ನರಬಲಿ’ ಕವಿತೆಗಾಗಿ 1932ರಲ್ಲಿ ಬ್ರಿಟಿಷ್ ಸರಕಾರ ಬೇಂದ್ರೆಯವರನ್ನು ಹಿಂಡಲಗಾ ಸೆರೆಮನೆಗೆ ಕಳಿಸಿತು, ಬಳಿಕ ಧಾರವಾಡದ ಹತ್ತಿರದ ಮುಗದದಲ್ಲಿ ಸ್ಥಾನಬದ್ಧರನ್ನಾಗಿಸಿತು. ಅಲ್ಲಿಂದ ಮುಂದೆ ಬಹುಕಾಲ ನೆಲೆಯಾದ ಉದ್ಯೋಗ ಅವರಿಗೆ ಸಿಗಲಿಲ್ಲ. ಮುಗಳಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ನೆಲೆಸಿದರು. ಗೋಕಾಕರು ಪುಣೆ, ಆಕ್ಸ್‌ಫರ್ಡ್, ಸಾಂಗಲಿ ಎಂದು ಊರಿಂದ ಊರಿಗೆ ಹೋದರು. ಬೆಟಗೇರಿ ಕೃಷ್ಣಶರ್ಮರು 1938ರಲ್ಲಿ ‘ಜಯಂತಿ’ ಎಂಬ ತಮ್ಮದೇ ಪತ್ರಿಕೆ ಹೊರಡಿಸಿದರು. ಬೇಂದ್ರೆಯವರೇ 1944ರಲ್ಲಿ ಸೊಲ್ಲಾಪುರದ ಡಿ. ಎ. ವಿ. ಕಾಲೇಜಿಗೆ ಅಧ್ಯಾಪಕರಾಗಿ ಹೋಗಿ ಹನ್ನೆರಡು ವರ್ಷ ಅಲ್ಲಿದ್ದರು. ಜಗಳವಾಡಿ ಮುರಿದುಕೊಂಡ ಸ್ನೇಹಗಳನ್ನು ಸಾಹಿತ್ಯ ಚರಿತ್ರೆ ನೆನಪಿಡುತ್ತದೆ. ನೌಕರಿ, ವರ್ಗಾವಣೆ, ಮಕ್ಕಳ ಶಾಲೆ ಇವುಗಳ ನಡುವೆ ಸದ್ದಿಲ್ಲದೆ ತೆಳುವಾದ ಸ್ನೇಹಗಳು ಅದಕ್ಕೆ ಕಾಣುವುದಿಲ್ಲ, ಆದರೆ ಸಂಬಳದ ಯುಗದಲ್ಲಿ ಗಂಡಸರ ಗೆಳೆತನ ಹೆಚ್ಚಾಗಿ ಕೊನೆಗೊಂಡಿರುವುದು ಈ ಎರಡನೆಯ ಬಗೆಯಲ್ಲಿಯೇ.

ಗುಂಪಿನ ಒಂದು ಕೊಂಬೆ ಮಾತ್ರ ಬೇರೆ ಕಡೆ ಬೇರೂರಿತು. ಜಿ. ಬಿ. ಜೋಶಿ, ಅಂದರೆ ನಾಟಕಕಾರ ‘ಜಡಭರತ’, 1933ರಲ್ಲಿ ಗೋವಿಂದರಾವ್ ಚುಳಕಿ ಮೊದಲಾದ ಸ್ನೇಹಿತರ ಜೊತೆ ಧಾರವಾಡದಲ್ಲಿ ಮನೋಹರ ಗ್ರಂಥಮಾಲೆಯನ್ನು ಆರಂಭಿಸಿದರು. ಗ್ರಂಥಮಾಲೆಯೆಂದರೆ ವರ್ಷದ ವಂತಿಗೆ ಮುಂಗಡವಾಗಿ ಕೊಟ್ಟ ಚಂದಾದಾರರಿಗೆ ಸರಣಿಯಾಗಿ ಪುಸ್ತಕಗಳನ್ನು ಮುಟ್ಟಿಸುವ ಪ್ರಕಾಶನ ಪದ್ಧತಿ. ಅದರ ಕಚೇರಿ ಇದ್ದದ್ದು ಸುಭಾಷ್ ರಸ್ತೆಯ ಒಂದು ಕಟ್ಟಡದ ಮಹಡಿಯಲ್ಲಿ. ಎಲ್ಲರ ಬಾಯಲ್ಲಿ ಅದು ‘ಅಟ್ಟ’. ಹಸ್ತಪ್ರತಿ ಓದಲು, ಕರಡು ತಿದ್ದಲು, ಪುಸ್ತಕ ಕಟ್ಟಿ ಅಂಚೆಗೆ ಹಾಕಲು ಬಂದವರು ಸಂಜೆಯಾದರೂ ಎದ್ದು ಹೋಗುತ್ತಿರಲಿಲ್ಲ. ವಿಮರ್ಶಕ ಕೀರ್ತಿನಾಥ ಕುರ್ತಕೋಟಿ ಅಲ್ಲಿಯ ಸಾಹಿತ್ಯ ಸಲಹೆಗಾರರಾಗಿದ್ದರು. ಗಿರೀಶ ಕಾರ್ನಾಡರ ‘ಯಯಾತಿ’ 1961ರಲ್ಲಿ, ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಅಲ್ಲಿಂದಲೇ ಹೊರಬಂದವು. ಕನ್ನಡದಲ್ಲಿ ಐತಿಹಾಸಿಕ ನಾಟಕದ ಕೊರತೆಯ ಬಗ್ಗೆ ಕುರ್ತಕೋಟಿಯವರು ಎತ್ತಿದ ಮಾತು ‘ತುಘಲಕ್’ ಬರೆಯಲು ಒಂದು ಪ್ರಚೋದನೆಯಾಯಿತೆಂದು ಕಾರ್ನಾಡರೇ ಹೇಳಿಕೊಂಡಿದ್ದಾರೆ. ಜೋಶಿ 1904ರಲ್ಲಿ, ಕುರ್ತಕೋಟಿ 1928ರಲ್ಲಿ, ಕಾರ್ನಾಡ 1938ರಲ್ಲಿ ಹುಟ್ಟಿದವರು. ತಂದೆ-ಮಗನಷ್ಟು ಅಂತರವಿದ್ದ ಗಂಡಸರು ಗೆಳೆಯರಾಗಿ ಕೂಡಬಲ್ಲ ಜಾಗಗಳು ಆ ಕಾಲದ ಸಮಾಜದಲ್ಲಿ ಹೆಚ್ಚು ಇರಲಿಲ್ಲ. ಗೆಳೆಯರ ಗುಂಪಿನ ಕೇಂದ್ರದಲ್ಲಿ ಪ್ರತಿಭಾವಂತ ಕವಿಯೊಬ್ಬರಿದ್ದರು, ಅವರು ಊರು ಬಿಟ್ಟಾಗ ಕೇಂದ್ರವೂ ಹೋಯಿತು. ಅಟ್ಟದ ಕೇಂದ್ರದಲ್ಲಿದ್ದದ್ದು ಒಂದು ವ್ಯವಹಾರ, ಹಾಗಾಗಿ ಬರುವವರು ಬದಲಾದರೂ ಬಾಗಿಲು ತೆರೆದೇ ಇತ್ತು. ಜೋಶಿಯವರು 1993ರಲ್ಲಿ ತೀರಿಕೊಂಡ ನಂತರ ಅವರ ಮಗ ಮಾಲೆಯನ್ನು ಮುಂದುವರಿಸಿದರು.

ಅಟ್ಟಕ್ಕೂ ಗುಂಪಿಗೂ ಹೆಣ್ಣುಮಕ್ಕಳು ಲೇಖಕಿಯರಾಗಿ ದಿನನಿತ್ಯ ಬಂದು ಕೂಡುವ ವಾಡಿಕೆ ಬೆಳೆಯಲಿಲ್ಲವೆಂಬುದು ಈ ಇತಿಹಾಸದ ಮಿತಿ. ಸಂಜೆಯ ಹೊತ್ತು ಬೀದಿಗಿಳಿಯುವ ಸ್ವಾತಂತ್ರ್ಯವೇ ಗಂಡಸಿನ ಗೆಳೆತನದ ಮೊದಲ ಬಂಡವಾಳವಾಗಿತ್ತು, ಮತ್ತು ಅದನ್ನು ಗಳಿಸಲು ಅವನು ಏನೂ ಮಾಡಬೇಕಿರಲಿಲ್ಲ.

ಬೇಂದ್ರೆ 1956ರಲ್ಲಿ ಸೊಲ್ಲಾಪುರದಿಂದ ಸಾಧನಕೇರಿಯ ತಮ್ಮ ಮನೆಗೆ ಮರಳಿದಾಗ ಧಾರವಾಡ ಬೇರೆಯಾಗಿತ್ತು. ಅದೇ ವರ್ಷ ಕನ್ನಡ ನಾಡು ಒಂದಾಗಿ, ಗುಂಪಿನ ಹಳೆಯ ಗುರಿಗಳಲ್ಲೊಂದು ಕೈಗೂಡಿತ್ತು. ಈಗ ಅವರನ್ನು ಕಾಣಲು ಬರುವವರು ಹೆಚ್ಚಾಗಿ ಕೇಳುಗರು, ಅಭಿಮಾನಿಗಳು, ಸಂಶೋಧಕರು. ಕವಿತೆಯ ಸಾಲನ್ನು ಮುಖದ ಮೇಲೆಯೇ ತೆಗಳಬಲ್ಲ ಓರಗೆಯವರು ಕಡಿಮೆ. ಕೀರ್ತಿ ಬಂದ ಗಂಡಸಿಗೆ ಗೆಳೆಯರ ಜಾಗದಲ್ಲಿ ಸಭಿಕರು ಸಿಗುವುದು ಅವರೊಬ್ಬರ ಪಾಡಲ್ಲ. ಅವರ ಕೊನೆಯ ದಶಕಗಳಲ್ಲಿ ಸಂಖ್ಯಾಶಾಸ್ತ್ರದ ಲೆಕ್ಕಾಚಾರಗಳು ಹೆಚ್ಚುತ್ತ ಹೋದದ್ದನ್ನು ಈ ಹಿನ್ನೆಲೆಯಲ್ಲಿಯೂ ನೋಡಲು ಅವಕಾಶವಿದೆ. ಹಳೆಯ ಒಡನಾಟಕ್ಕೆ ಮತ್ತೆ ಒಂದು ನೆಪ ಒದಗಿಸಿದ್ದು 1950ರಲ್ಲಿ ಆರಂಭವಾಗಿದ್ದ ಧಾರವಾಡ ಆಕಾಶವಾಣಿ. ಗುಂಪಿನ ಎನ್ಕೆ ಅಲ್ಲಿ ಕೆಲಸ ಮಾಡುತ್ತಿದ್ದರು, ಬೇಂದ್ರೆ ಸಲಹೆಗಾರರಾಗಿ ಬಂದರು, ಧ್ವನಿಮುದ್ರಣದ ವೇಳಾಪಟ್ಟಿ ಇಬ್ಬರನ್ನೂ ಒಂದೇ ಕಟ್ಟಡಕ್ಕೆ ತಂದಿತು. ಒಂದು ಕಾಲಕ್ಕೆ ಜಯಕರ್ನಾಟಕದ ಕರಡುಗಳು ಮಾಡಿದ ಕೆಲಸವನ್ನು ಈಗ ಬಾನುಲಿಯ ಕಾರ್ಯಕ್ರಮಗಳು ಮಾಡಿದವು.